ಏಪ್ರಿಕಾಟ್ ಲೇಖನದ ಕೊನೆಯ ಸಾಲು

ಮಾರ್ಚ್ ೩, ಸೋಮವಾರ

ಈ ವಾರ ಏಪ್ರಿಕಾಟ್. ಹೋದ ವಾರ ಸೌತೆಕಾಯಿ, ಅದರ ಹಿಂದಿನ ವಾರ ಬೆಂಡೆಕಾಯಿ ನೆನೆಸಿದ ನೀರು. ಹದಿನೇಳು ವರ್ಷಗಳಿಂದ ನಮ್ಮ ವಾರಪತ್ರಿಕೆಯ ‘ಆರೋಗ್ಯ–ಸೌಂದರ್ಯ’ ಪುಟ ತುಂಬಿಸುತ್ತಿದ್ದೇನೆ. ಮನುಷ್ಯ ಬಾಯಿಗೆ ಹಾಕಿಕೊಳ್ಳುವ ವಸ್ತುಗಳಲ್ಲಿ ನಾನು ಹೊಗಳದೆ ಬಿಟ್ಟದ್ದು ಬಹುಶಃ ಉಗುರೊಂದೇ. ಏಪ್ರಿಕಾಟೇ ಏಕೆ ಎಂದು ಸಂಪಾದಕರನ್ನು ಕೇಳಿದೆ. ಏಪ್ರಿಕಾಟ್ ಎಣ್ಣೆ ಬೆರೆಸಿದ ಯಾವುದೋ ಮುಖದ ಕ್ರೀಮಿನ ಜಾಹೀರಾತು ಅದೇ ಪುಟಕ್ಕೆ ಬರುತ್ತದಂತೆ. “ಹಣ್ಣಿನ ಬಗ್ಗೆ ಬರೀರಿ, ಕ್ರೀಮಿನ ಬಗ್ಗೆ ಬೇಡ. ನಾವು ಮಾರಿಕೊಂಡಿದೀವಿ ಅಂತ ಯಾರೂ ಅನ್ನಬಾರದು ನೋಡಿ,” ಎಂದರು. ಹಾಗೆನ್ನುವಾಗ ನಗಲೂ ಇಲ್ಲ ಪುಣ್ಯಾತ್ಮ.

ಡಯಾಲಿಸಿಸ್ ಸೆಂಟರಿನ ಹೊರಗಿನ ಬೆಂಚಿನಲ್ಲಿ ಕೂತು ಬರೆಯುತ್ತಿದ್ದೇನೆ. ಅಕ್ಕ ಒಳಗಿದ್ದಾಳೆ. ಅವಳ ಎರಡೂ ಕಿಡ್ನಿ ಕೈಕೊಟ್ಟು ಹದಿನಾಲ್ಕು ತಿಂಗಳಾಯಿತು. ಸೋಮವಾರ, ಬುಧವಾರ, ಶುಕ್ರವಾರ ನಾಲ್ಕು ನಾಲ್ಕು ಗಂಟೆ ಮೆಷಿನ್ನು ಅವಳ ರಕ್ತ ತೊಳೆದುಕೊಡುತ್ತದೆ. ನಾನು ಒಳಗೆ ಹೋಗುವುದಿಲ್ಲ. ಕೊಳವೆಯಲ್ಲಿ ಅವಳ ರಕ್ತ ಓಡುವುದನ್ನು ಒಮ್ಮೆ ನೋಡಿದ್ದೇ ಸಾಕಾಗಿದೆ. ಬಾಗಿಲವರೆಗೆ ಬಿಟ್ಟು “ಕೆಲಸ ಇದೆ ಕಣೇ,” ಎನ್ನುತ್ತೇನೆ. “ಹೋಗು ಪುಟ್ಟಿ, ಬರಿ,” ಎನ್ನುತ್ತಾಳೆ. ಐವತ್ತು ದಾಟಿದ ಪುಟ್ಟಿ! ಅಮ್ಮ ಹೋದಾಗ ನನಗೆ ಆರು, ಅವಳಿಗೆ ಹದಿನೇಳು. ನನ್ನ ಹೇನು ಹೆಕ್ಕಿ, ಜಡೆ ಹಾಕಿ, ಓದಿಸಿ, ಕೆಲಸಕ್ಕೆ ಕಳಿಸಿದವಳು ಅವಳು. ಅವಳ ಪಕ್ಕ ನಾಲ್ಕು ಗಂಟೆ ಕೂರಲಾರದ ನಾನು ಎಂಥವಳು ಎಂದು ಕೇಳಿಕೊಂಡರೆ ಲೇಖನ ಮುಗಿಯುವುದಿಲ್ಲ.

ಸರಿ, ಏಪ್ರಿಕಾಟ್. ಬೆಟ್ಟದ ಸೀಮೆಯ, ಕಿತ್ತಳೆ ಬಣ್ಣದ ಪುಟ್ಟ ಹಣ್ಣು. ಕಣ್ಣಿಗೆ ಒಳ್ಳೆಯದು. ಚರ್ಮಕ್ಕೆ ಕಾಂತಿ, ಸುಕ್ಕು ದೂರ, ಕೂದಲು ಸೊಂಪು. ನಾರಿನ ಅಂಶ ಇರುವುದರಿಂದ ಹೊಟ್ಟೆ ಹಗುರ. ಕಬ್ಬಿಣದ ಅಂಶ ಇರುವುದರಿಂದ ರಕ್ತಹೀನತೆಗೆ ಒಳ್ಳೆಯದು. ಕೊನೆಗೆ ಒಂದು ಎಚ್ಚರಿಕೆ. ಅದಕ್ಕೆ ಪುಸ್ತಕ ನೋಡಬೇಕಾಗಲಿಲ್ಲ, ನಮ್ಮ ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ ಅಕ್ಕನ ಪಥ್ಯದ ಪಟ್ಟಿಯಲ್ಲೇ ಇದೆ: ‘ಕಿಡ್ನಿ ಕಾಯಿಲೆಯವರು, ಅದರಲ್ಲೂ ಡಯಾಲಿಸಿಸ್ ಮಾಡಿಸಿಕೊಳ್ಳುವವರು, ಈ ಹಣ್ಣನ್ನು ತಿನ್ನಬಾರದು. ಇದರ ಪೊಟ್ಯಾಸಿಯಂ ಅವರ ಮೈಯಲ್ಲೇ ಉಳಿದು ಹೃದಯವನ್ನು ನಿಲ್ಲಿಸಬಹುದು.’

ಬರೆದಾದ ಮೇಲೆ ಪೆನ್ನು ಮುಚ್ಚಿದೆ.

ಮಾರ್ಚ್ ೬, ಗುರುವಾರ

ಪುಟ ಕಟ್ಟುವ ಹುದ್ದೆಯಲ್ಲಿರುವವನಿಗೆ ಆಫೀಸಿನಲ್ಲಿ ಎಲ್ಲರೂ ಕತ್ತರಿ ಎನ್ನುತ್ತೇವೆ. ಅವನ ಕೈಗೆ ಸಿಕ್ಕ ಯಾವ ಬರಹವೂ ಇಡಿಯಾಗಿ ಓದುಗರ ಮನೆಗೆ ಹೋದದ್ದಿಲ್ಲ. ಕ್ರೀಮಿನ ಜಾಹೀರಾತು ಹೇಳಿದ್ದಕ್ಕಿಂತ ಎರಡು ಬೆರಳು ಎತ್ತರ ಬಂದಿತ್ತು.

“ಮೇಡಂ, ಮೂರು ಸಾಲು ಜಾಸ್ತಿ. ಏನ್ ತೆಗೀಲಿ?”

ಸುಕ್ಕು ತೆಗೆಯುವ ಹಾಗಿಲ್ಲ, ತಲೆಬರಹದಲ್ಲೇ ಇದೆ. ಕೂದಲು ತೆಗೆದರೆ ಚಿತ್ರಕ್ಕೆ ಅರ್ಥವಿಲ್ಲ.

“ಕೊನೇದು ತೆಗೀಲಾ ಮೇಡಂ?”

“ತೆಗಿ. ಹೇಗೂ ಅವ್ರಿಗೆಲ್ಲ ಡಾಕ್ಟ್ರೇ ಹೇಳಿರ್ತಾರೆ,” ಎಂದೆ.

ಹೃದಯ ನಿಲ್ಲುವ ಮಾತಿನಿಂದ ಸೌಂದರ್ಯದ ಲೇಖನ ಮುಗಿಯುವುದು ನೋಡಲೂ ಚೆನ್ನಾಗಿರಲಿಲ್ಲ. ಈಗ ಅದು ಹೀಗೆ ಮುಗಿಯುತ್ತದೆ: ‘ದಿನಕ್ಕೆ ನಾಲ್ಕು ಏಪ್ರಿಕಾಟ್ ತಿಂದು ನೋಡಿ, ಕನ್ನಡಿಯೇ ನಿಮ್ಮನ್ನು ಮಾತಾಡಿಸುತ್ತದೆ.’ ಕತ್ತರಿ “ಸೂಪರ್” ಎಂದ. ನನಗೂ ಹಿಡಿಸಿತು.

ಮಾರ್ಚ್ ೧೨, ಬುಧವಾರ

ಪತ್ರಿಕೆ ಬಂತು. ಅಕ್ಕ ಎಂದಿನಂತೆ ನನ್ನ ಪುಟ ಕತ್ತರಿಸಿಕೊಂಡು, ಮಡಿಸಿ, ಕೈಚೀಲದಲ್ಲಿಟ್ಟುಕೊಂಡು ಹೊರಟಳು. ಒಳಗಿನ ಐದು ಕುರ್ಚಿಗಳವರಿಗೂ ಜೋರಾಗಿ ಓದಿ ಹೇಳಿದಳಂತೆ. ನಾಲ್ಕನೆಯ ಕುರ್ಚಿಯ ಚಿತ್ರದ ಮೇಷ್ಟ್ರು ಅವಳಿಗೆ ಖಾಯಂ ಕೇಳುಗರು. ಶಾಲೆಯಲ್ಲಿ ಡ್ರಾಯಿಂಗ್ ಕಲಿಸಿ ನಿವೃತ್ತರಾದವರು. ಸೂಜಿ ಚುಚ್ಚಿದ ಎಡಗೈಯನ್ನು ಅಲ್ಲಾಡಿಸದೆ ಬಲಗೈಯಲ್ಲಿ ಸುತ್ತಲಿನವರ ಚಿತ್ರ ಬಿಡಿಸುತ್ತಿರುತ್ತಾರೆ. ಸಣ್ಣ ಅಕ್ಷರ ಕಾಣುವುದಿಲ್ಲ. “ನಮ್ಮ ಮುಖಗಳಿಗೆ ಇಷ್ಟು ವರ್ಷ ಬೂದಿ ಬಣ್ಣ ಒಂದೇ ಸಾಕಾಗಿತ್ತು ತಾಯಿ. ಇನ್ಮೇಲೆ ಕಿತ್ತಳೆ ಬಣ್ಣಾನೂ ತರಬೇಕಾಯ್ತು,” ಎಂದರಂತೆ. ಎಲ್ಲರೂ ನಕ್ಕರಂತೆ. ಅಕ್ಕ ದಾರಿಯುದ್ದಕ್ಕೂ ಇದನ್ನೇ ಹೇಳಿದಳು.

ನಾನು ಹೊರಗೆ ಫೋನಿನಲ್ಲಿದ್ದೆ, ಸಂಪಾದಕರ ಜೊತೆ ಪರಂಗಿಹಣ್ಣಿನ ಚರ್ಚೆ. ಮೇಷ್ಟ್ರ ಹೆಂಡತಿ ಬಂದು ಎದುರಿಗೆ ನಿಂತರು. ಗುಬ್ಬಿಯಷ್ಟು ಮೈ, ಸದಾ ಕಂಕುಳಲ್ಲಿ ಒಂದು ಚೀಲ. ಕೆನ್ನೆ ಸವರಿಕೊಳ್ಳುತ್ತಾ, “ಒಣಗಿದ್ದೂ ಆಗತ್ತಾ ಅಮ್ಮ?” ಎಂದರು.

“ಒಣಗಿದ್ರಲ್ಲಿ ಸತ್ವ ಇನ್ನೂ ಜಾಸ್ತಿ.”

“ರಕ್ತಕ್ಕೂ ಒಳ್ಳೇದು ಅಂತ ಬರ್ದಿದೀರಿ?”

“ಹೌದಮ್ಮ, ತುಂಬಾ ಒಳ್ಳೇದು,” ಎಂದು ಫೋನು ಕಿವಿಗಿಟ್ಟೆ.

ಈ ವಯಸ್ಸಿನಲ್ಲೂ ಮುಖದ ಚಿಂತೆ ನೋಡು ಎಂದು ಒಳಗೊಳಗೇ ನಗು ಬಂತು.

ಮಾರ್ಚ್ ೧೪, ಶುಕ್ರವಾರ

ಬೆಂಚು ತುಂಬಿತ್ತು. ಅಕ್ಕನನ್ನು ಬಿಟ್ಟು ಎದುರಿನ ಟೀ ಅಂಗಡಿಗೆ ಹೋಗಿ ಕೂತೆ. ಪರಂಗಿ ಮುಗಿಸಿದೆ. ಅಂಗಡಿಯ ಕನ್ನಡಿಯಲ್ಲಿ ನನ್ನ ಕತ್ತಿನ ಸುಕ್ಕು ಕಂಡು ಬೇಸರವಾಯಿತು. ಅಕ್ಕ ಹೊರಗೆ ಬಂದಾಗ ಯಾಕೋ ಖುಷಿಯಾಗಿದ್ದಳು. “ಏನೇ?” ಎಂದರೆ “ಏನಿಲ್ಲ, ಸುಮ್ನಿರು,” ಎಂದಳು.

ಮಾರ್ಚ್ ೧೭, ಸೋಮವಾರ

ಬೆಳಗ್ಗೆ ಅಕ್ಕನಿಗೆ ಹಾಸಿಗೆಯಿಂದ ಏಳಲಾಗಲಿಲ್ಲ. ಕಾಲು ನನ್ನದಲ್ಲ ಅನ್ನಿಸ್ತಿದೆ ಎಂದಳು. ನಾನೂ ಪಕ್ಕದ ಮನೆಯವರೂ ಸೇರಿ ಕುರ್ಚಿಯಲ್ಲಿ ಕೂರಿಸಿಕೊಂಡೇ ಕೆಳಗಿಳಿಸಿದೆವು. ಸೆಂಟರಿನಲ್ಲಿ ನರ್ಸಮ್ಮ ಎದೆಗೆ ತಂತಿಗಳನ್ನು ಅಂಟಿಸಿ ನೋಡಿದವರೇ ಡಾಕ್ಟರನ್ನು ಕೂಗಿದರು. ರಕ್ತದಲ್ಲಿ ಪೊಟ್ಯಾಸಿಯಂ ಇರಬಾರದಷ್ಟು ಏರಿತ್ತು. ಇನ್ನೊಂದೆರಡು ಗಂಟೆ ತಡವಾಗಿದ್ದರೆ ಎಂದು ಡಾಕ್ಟರು ಮಾತು ನಿಲ್ಲಿಸಿದರು.

“ಏನ್ ತಿಂದ್ರಿ? ನಿಜ ಹೇಳಿ,” ಎಂದು ನರ್ಸಮ್ಮ ಗದರಿದರು.

“ಏನೂ ಇಲ್ವಲ್ಲ,” ಎಂದಳು ಅಕ್ಕ. ನನ್ನ ಮುಖ ಮಾತ್ರ ನೋಡಲಿಲ್ಲ.

ನಾಲ್ಕನೆಯ ಕುರ್ಚಿಯ ಮೇಲೆ ಹೊದಿಕೆ ಮಡಿಸಿಟ್ಟಿತ್ತು. ಕೇಳಿದೆ. “ಮೇಷ್ಟ್ರು ನಿನ್ನೆ ಬೆಳಗ್ಗೆ ಹೋಗ್ಬಿಟ್ರಮ್ಮ. ಹಾರ್ಟು. ಶನಿವಾರ ಭಾನುವಾರ ಮೆಷಿನ್ ಇರಲ್ವಲ್ಲ, ಆ ಎರಡು ದಿನಾನೇ ನಮ್ಗೆ ಭಯ,” ಎಂದರು ನರ್ಸಮ್ಮ. ಪಾಪ, ಒಳ್ಳೆಯ ಮನುಷ್ಯ. ಅಕ್ಕನನ್ನು ರಾತ್ರಿಗೆ ಇಲ್ಲೇ ಇರಿಸಿಕೊಳ್ಳುತ್ತಾರಂತೆ.

ಮಾರ್ಚ್ ೧೮, ಮಂಗಳವಾರ

ಕನ್ನಡಕ ಕೊಡು ಎಂದಳೆಂದು ಅವಳ ಕೈಚೀಲಕ್ಕೆ ಕೈ ಹಾಕಿದೆ. ಕರ್ಚೀಫಿನ ಗಂಟು ಸಿಕ್ಕಿತು. ಬಿಚ್ಚಿದರೆ ಒಣಗಿದ ಏಪ್ರಿಕಾಟ್, ಮೂರು.

ಅವಳೇ ಹೇಳಿದಳು. ಶುಕ್ರವಾರ ಮೇಷ್ಟ್ರ ಹೆಂಡತಿ ದೊಡ್ಡ ಪೊಟ್ಟಣ ತಂದಿದ್ದರಂತೆ. ಮೇಷ್ಟ್ರಿಗೆ ರಕ್ತ ಕಡಿಮೆ, ಇಂಜೆಕ್ಷನ್ನು ಕೊಟ್ಟರೂ ಏರುತ್ತಿಲ್ಲ, ಅದಕ್ಕೆ. ಬರೆದವರ ಅಕ್ಕ ಎಂದು ಇವಳಿಗೂ ಒಂದು ಹಿಡಿ ಕೊಟ್ಟರಂತೆ. ನಾನು ಟೀ ಅಂಗಡಿಯಲ್ಲಿ ನನ್ನ ಕತ್ತು ನೋಡಿಕೊಳ್ಳುತ್ತಿದ್ದಾಗ.

“ಒಣಹಣ್ಣು ಮುಟ್ಟಬಾರದು ಅಂತ ಪಟ್ಟೀಲಿ ಇದೆಯಲ್ಲೇ!” ಎಂದು ಕಿರುಚಿದೆ. ಪಕ್ಕದ ಹಾಸಿಗೆಯವರು ತಿರುಗಿ ನೋಡಿದರು.

“ಇದೆ. ಆದ್ರೆ ನೀನು ಬರ್ದಿದೀಯಲ್ಲ ಪುಟ್ಟಿ. ನಮ್ಮಂಥೋರು ತಿನ್ನಬಾರದಾಗಿದ್ರೆ ನೀನು ಅದನ್ನೂ ಬರೀತಿದ್ದೆ. ವಾರಕ್ಕೆ ಮೂರು ಸಲ ನನ್ನ ಇಲ್ಲಿಗೆ ಕರ್ಕೊಂಡು ಬರೋಳು ನೀನು. ನಿನಗೆ ಗೊತ್ತಿಲ್ದೆ ಇರತ್ತಾ ಅಂದ್ಕೊಂಡೆ.” ಆಮೇಲೆ ಹೊದಿಕೆಯ ಅಂಚು ಹಿಸುಕುತ್ತಾ ಅಂದಳು, “ಈ ಕಾಯಿಲೆ ಬಂದಾಗಿಂದ ಇರೋ ಮೈ ತುರಿಕೆ ಕಡಿಮೆ ಆಗ್ಬೋದೇನೋ ಅಂತ ಆಸೆ ಆಯ್ತು ಕಣೇ. ಮುಖ ಸ್ವಲ್ಪ ಮೊದಲಿನ ಹಾಗೆ ಆಗ್ಲಿ ಅಂತ.”

ಅವಳು ಊಟವಾದ ಮೇಲೆ ಒಂದೊಂದೇ ತಿಂದಿದ್ದಾಳೆ. ಮೇಷ್ಟ್ರು ಎಷ್ಟು ತಿಂದರೋ.

ಮಾರ್ಚ್ ೧೯, ಬುಧವಾರ

ಒಳಗೆ ಕೂತಿದ್ದೆ. ಅವಳು ಏನು ತಿನ್ನುತ್ತಾಳೋ ಎಂದು ಕಾಯಲು, ಅಷ್ಟೇ. ನಾಲ್ಕನೆಯ ಕುರ್ಚಿ ಎದುರಿಗೇ ಇದೆ.

ಮಾರ್ಚ್ ೨೧, ಶುಕ್ರವಾರ

ಸಂಪಾದಕರ ಕೋಣೆಗೆ ಹೋಗಿ, ತಿದ್ದುಪಡಿ ಹಾಕಬೇಕು ಎಂದೆ. ಎಲ್ಲ ಹೇಳಿದೆ. ಅವರು ಬಾಗಿಲು ಮುಚ್ಚಿದರು.

“ಬರ್ದಿದ್ರಲ್ಲಿ ಸುಳ್ಳು ಏನಾದ್ರೂ ಇದೆಯಾ?”

“ಇಲ್ಲ.”

“ಮತ್ತೇನ್ ತಿದ್ತೀರಿ? ಅವರು ಹಣ್ಣಿನಿಂದಲೇ ಹೋದ್ರು ಅಂತ ಯಾರು ಹೇಳಿದ್ರು? ಡಾಕ್ಟ್ರು ಹಾರ್ಟು ಅಂದಿದಾರೆ. ನೀವಾಗಿ ಹೋಗಿ ಕೊರಳು ಕೊಡ್ಬೇಡಿ, ನಮ್ಮದೂ ಕೊಡಿಸ್ಬೇಡಿ. ಎರಡು ದಿನ ರಜ ಹಾಕಿ, ಮಲ್ಕೊಳ್ಳಿ.”

ಸುಳ್ಳು ಏನೂ ಇಲ್ಲ. ಅದೇ ನನ್ನನ್ನು ತಿನ್ನುತ್ತಿದೆ. ಒಂದೊಂದು ಸಾಲೂ ನಿಜ. ಕಣ್ಣಿಗೆ ಒಳ್ಳೆಯದು, ನಿಜ. ರಕ್ತಕ್ಕೆ ಒಳ್ಳೆಯದು, ನಿಜ. ಗೊತ್ತಿಲ್ಲದೆ ಬಿಟ್ಟಿದ್ದರೆ ದಡ್ಡಿ ಎಂದುಕೊಂಡು ಬದುಕಬಹುದಿತ್ತು. ನನಗೆ ಗೊತ್ತಿತ್ತು, ಬರೆದಿದ್ದೆ, ನನ್ನ ಬಾಯಿಂದಲೇ ತೆಗಿ ಎಂದೆ. ಎರಡು ಬೆರಳು ಜಾಗಕ್ಕೆ.

ಇಡೀ ದಿನ ಏನೂ ತಿನ್ನಲಾಗಲಿಲ್ಲ.

ಮಾರ್ಚ್ ೨೫, ಮಂಗಳವಾರ

ಹೆಸರುಕಾಳಿನ ಬಗ್ಗೆ ಬರೆಯಬೇಕಿತ್ತು. ಕತ್ತರಿ ಓದಿ ತಲೆ ಕೆರೆದುಕೊಂಡ. “ಮೇಡಂ, ಎರಡು ಪ್ಯಾರಾ ಲೇಖನ, ಒಂಬತ್ತು ಪ್ಯಾರಾ ‘ಆದರೆ’. ಇದನ್ನ ಓದಿದೋರು ಅಡುಗೆಮನೆಗೇ ಹೋಗಲ್ಲ.” ನನಗೆ ನಗು ಬರಲಿಲ್ಲ. ಯಾರು ಓದುತ್ತಾರೋ, ಅವರ ಮನೆಯಲ್ಲಿ ಯಾರಿಗೆ ಏನಿದೆಯೋ ನನಗೇನು ಗೊತ್ತು? ಹದಿನೇಳು ವರ್ಷ, ವಾರಕ್ಕೊಂದರಂತೆ ಎಂಟುನೂರಕ್ಕೂ ಮೇಲೆ ಪುಟ. ಅವುಗಳಿಂದ ಎಷ್ಟು ಸಾಲು ಹೀಗೆ ತೆಗೆಸಿದ್ದೇನೋ ನೆನಪಿಲ್ಲ.

ಮೇಷ್ಟ್ರ ಮನೆಗೆ ಹೋಗಿ ಹೇಳಿಬಿಡುತ್ತೇನೆ ಎಂದು ಅಕ್ಕನಿಗೆ ಹೇಳಿದೆ. ಅವಳು ತಟ್ಟೆಯಿಂದ ಕೈ ತೆಗೆದಳು.

“ಬೇಡ.”

“ಯಾಕೆ?”

“ಅವ್ರು ಕೇಳಿದಾರಾ? ಗಂಡ ಹಾರ್ಟಲ್ಲಿ ಹೋದ ಅಂದ್ಕೊಂಡಿದಾರೆ. ಹೇಗೋ ಅದನ್ನ ಹೊಟ್ಟೆಗೆ ಹಾಕ್ಕೊಂಡು ಕೂತಿದಾರೆ. ನಿನ್ನ ಭಾರ ಇಳಿಸ್ಕೊಳ್ಳೋಕೆ ಅವ್ರ ತಲೆ ಮೇಲೆ ಹೊರಿಸ್ತೀಯಾ?”

“ನಿಜ ಗೊತ್ತಾಗಬೇಡ್ವಾ ಅವ್ರಿಗೆ?”

“ಓದಿ ಹೇಳಿದ್ದು ನಾನು. ನನಗೂ ಪಟ್ಟಿ ಗೊತ್ತಿತ್ತು. ನಾನು ಸುಮ್ನಿದೀನಲ್ಲ, ನೀನೂ ಸುಮ್ನಿರು,” ಎಂದಳು. ಅವಳೂ ಅದನ್ನೇ ಯೋಚಿಸುತ್ತಿದ್ದಾಳೆಂದು ನನಗೆ ಹೊಳೆದೇ ಇರಲಿಲ್ಲ.

ಮಾರ್ಚ್ ೩೦, ಭಾನುವಾರ

ಹೋದೆ.

ಎರಡು ಕೋಣೆಯ ಮನೆ. ಗೋಡೆಯ ತುಂಬ ಪೆನ್ಸಿಲ್ ಚಿತ್ರಗಳು, ಎಲ್ಲ ಸೆಂಟರಿನವೇ. ಕೈ ಎತ್ತಿ ಗದರುವ ನರ್ಸಮ್ಮ, ಬಾಯಿ ತೆರೆದು ನಿದ್ದೆ ಹೋದ ಎರಡನೆಯ ಕುರ್ಚಿಯ ಮುದುಕ, ಕಾಗದದ ತುಂಡು ಹಿಡಿದು ಓದುತ್ತಿರುವ ಅಕ್ಕ. ಇನ್ನೊಂದರಲ್ಲಿ ಬಾಗಿಲ ಗಾಜಿನಾಚೆ ಬೆಂಚಿನ ಮೇಲೆ ಬಗ್ಗಿ ಬರೆಯುತ್ತಿರುವ ಹೆಂಗಸು. ಬೆನ್ನು, ಜಡೆ, ಚೀಲ ಎಲ್ಲ ಇದೆ, ಮುಖವಿಲ್ಲ. ಹದಿನಾಲ್ಕು ತಿಂಗಳಲ್ಲಿ ಅವರು ನನ್ನ ಮುಖ ಸರಿಯಾಗಿ ನೋಡಿಯೇ ಇರಲಿಲ್ಲ.

ಅವರ ಹೆಂಡತಿ ಟೀ ತಂದರು. ಕುಡಿಯದೆ ಹೇಳಿದೆ. ಕ್ರೀಮು, ಮೂರು ಸಾಲು, ಕತ್ತರಿ, ಬೆಂಚಿನ ಹತ್ತಿರ ಅವರು ಕೆನ್ನೆ ಸವರಿಕೊಂಡು ಕೇಳಿದ್ದು, ಅವರಿಗೇ ಬೇಕೇನೋ ಎಂದು ನಾನು ತಪ್ಪು ತಿಳಿದದ್ದು. ಒಂದನ್ನೂ ಬಿಡಲಿಲ್ಲ. ನನ್ನ ಜೀವನದಲ್ಲಿ ಮೊದಲ ಸಲ ಒಂದು ಸಾಲೂ ಬಿಡದೆ ಹೇಳಿದೆ ಅನ್ನಿಸುತ್ತದೆ.

ಅವರು ತಣ್ಣಗಾದ ಲೋಟವನ್ನು ನನ್ನ ಮುಂದಿನಿಂದ ತೆಗೆದಿಟ್ಟರು.

“ಅವ್ರಿಗೆ ಸಿಹಿ ಸೇರ್ತಾ ಇರಲಿಲ್ಲ ಅಮ್ಮ,” ಎಂದರು ಆಮೇಲೆ. “ಬೇಡ ಕಣೇ, ಬೇಡ ಕಣೇ ಅಂದ್ರು. ನಾನೇ ಹಠ ಮಾಡ್ದೆ. ನಿಮ್ಮಕ್ಕನ ಹತ್ರ ಆ ಪುಟ ಇಸ್ಕೊಂಡು ಬಂದಿದ್ದೆ. ಇಲ್ಲಿ ನೋಡಿ, ಓದಿದೋರು ಬರ್ದಿದಾರೆ, ರಕ್ತ ಆಗತ್ತಂತೆ ಅಂತ ಓದಿ ತೋರಿಸ್ದೆ. ನೀರಲ್ಲಿ ನೆನೆಸಿ, ಮೆತ್ತಗೆ ಮಾಡಿ, ಬಾಯಿಗಿಟ್ಟೆ. ಎರಡು ದಿನ. ಪೊಟ್ಟಣ ಖಾಲಿ ಮಾಡಿಸ್ದೆ.”

“ನನ್ನ ಬೈಯಿರಿ ಅಮ್ಮ,” ಎಂದೆ. ಅಳು ತಡೆಯಲಾಗಲಿಲ್ಲ.

“ನೀವು ಬರ್ದ್ರಿ,” ಎಂದರು. “ಬಾಯಿಗಿಟ್ಟೋಳು ನಾನು.”

ಬಾಗಿಲವರೆಗೂ ಬಂದು ಚಪ್ಪಲಿ ನೆಟ್ಟಗಿಟ್ಟು ಕಳಿಸಿದರು. ನಾನು ಬರುವಾಗ ಅವರು ಗಂಡನನ್ನು ಕಳೆದುಕೊಂಡ ಹೆಂಗಸು. ನಾನು ಹೊರಡುವಾಗ ಅವರು ಗಂಡನನ್ನು ಕೊಂದ ಹೆಂಗಸಾಗಿದ್ದರು, ಅವರ ಮಟ್ಟಿಗೆ. ಅಕ್ಕ ಹೇಳಿದ್ದೇ ಸರಿ. ನಾನು ಇಳಿಸಿಕೊಳ್ಳಲು ಹೋಗಿದ್ದೆ. ಇಳಿಯಲೂ ಇಲ್ಲ, ಆ ಗುಬ್ಬಿಯಂಥ ಹೆಂಗಸಿನ ಮೇಲೂ ಹೊರಿಸಿ ಬಂದೆ.

ಏಪ್ರಿಲ್ ೩, ಗುರುವಾರ

ಏನೂ ಇಲ್ಲ.

ಏಪ್ರಿಲ್ ೭, ಸೋಮವಾರ

ಸ್ಟೂಲು ತೀರ ಗಿಡ್ಡ, ನಾಲ್ಕು ಗಂಟೆ ಕೂತರೆ ಬೆನ್ನು ಬಿದ್ದುಹೋಗುತ್ತದೆ. ಅಕ್ಕನ ಕೈ ಮಂಜುಗಡ್ಡೆಯಾಗಿರುತ್ತದೆ ಮೆಷಿನ್ನಿಗೆ ಹಾಕಿದಾಗ. ಉಜ್ಜುತ್ತಿದ್ದರೆ ಸ್ವಲ್ಪ ಬೆಚ್ಚಗಾಗುತ್ತದೆ. ನಾಲ್ಕನೆಯ ಕುರ್ಚಿಗೆ ಹೊಸಬರು ಬಂದಿದ್ದಾರೆ, ಬಟ್ಟೆ ಹೊಲಿಯುವ ಹೆಂಗಸು. ಅವರ ಮೊದಲ ವಾರ. ಹೆದರಿ ಕಣ್ಣು ಮುಚ್ಚಿಕೊಂಡೇ ಇರುತ್ತಾರೆ.

ಮೇಷ್ಟ್ರ ಮನೆಗೆ ಹೋಗಿದ್ದೆ ಎಂದು ಅಕ್ಕನಿಗೆ ಇವತ್ತು ಹೇಳಿದೆ. ಅವಳು ಕೈ ಎಳೆದುಕೊಳ್ಳಲಿಲ್ಲ.

ಏಪ್ರಿಲ್ ೧೦, ಗುರುವಾರ

ಓದುಗರ ಪತ್ರಗಳ ಕಟ್ಟಿನಲ್ಲಿ ಒಂದು ಕಾರ್ಡು. ದುಂಡಗಿನ, ಒತ್ತಿ ಒತ್ತಿ ಬರೆದ ಅಕ್ಷರ. ಹೆಸರು, ವಿಳಾಸ ಇಲ್ಲ.

‘ಸಂಪಾದಕರಿಗೆ ನಮಸ್ಕಾರ. ನಿಮ್ಮ ಪತ್ರಿಕೆಯಲ್ಲಿ ಏಪ್ರಿಕಾಟ್ ಹಣ್ಣಿನ ಬಗ್ಗೆ ಬಂದಿತ್ತು. ಡಯಾಲಿಸಿಸ್ ಮಾಡಿಸಿಕೊಳ್ಳುವವರಿಗೆ ಈ ಹಣ್ಣು ಕೊಡಬಾರದು. ಕೊಟ್ಟರೆ ಹೃದಯ ನಿಂತುಹೋಗುತ್ತದೆ. ನಾನು ಕೊಟ್ಟೆ.’

ಸಂಪಾದಕರಿಗೆ ತೋರಿಸಿದೆ. “ಓದುಗರ ಪತ್ರ ತಾನೇ? ಹಾಕಿ. ನಮ್ಮ ಜವಾಬ್ದಾರಿ ಇಲ್ಲ ಅಂತ ಕೆಳಗೆ ಇದ್ದೇ ಇರತ್ತೆ,” ಎಂದರು.

ಕತ್ತರಿ ಪುಟ ಕಟ್ಟಿದ. “ಮೇಡಂ, ಒಂದು ಸಾಲು ಜಾಸ್ತಿ. ಕೊನೇದು ತೆಗೀಲಾ?”

ಕೊನೆಯದು ಎರಡೇ ಪದ. ನಾನು ಕೊಟ್ಟೆ. ತೆಗೆದರೆ ಅವರಿಗೇ ಒಳ್ಳೆಯದು ಎಂದು ಒಂದು ಕ್ಷಣ ಅನ್ನಿಸಿತು. ಲೋಕದ ಕಣ್ಣಿಗಾದರೂ ಬೀಳುವುದು ತಪ್ಪುತ್ತದೆ. ತೆಗಿ ಎನ್ನುವ ಮಾತು ನಾಲಿಗೆಯ ತುದಿಯವರೆಗೆ ಬಂತು. ಅಲ್ಲೇ ನನಗೆ ಹೇಸಿಗೆಯಾಯಿತು. ಮತ್ತೆ ಅದೇ ನಾನು, ಅದೇ ಕುರ್ಚಿ, ಬೇರೆಯವರಿಗೆ ಏನು ಬೇಕು ಏನು ಬೇಡ ಎಂದು ನಿರ್ಧರಿಸುತ್ತಾ.

“ಅದು ಇರ್ಲಿ. ಮೇಲಿನ ಪತ್ರದಲ್ಲಿ ನನ್ನ ಪುಟಾನ ಹೊಗಳಿದಾರಲ್ಲ, ಅದನ್ನ ತೆಗಿ,” ಎಂದೆ.

“ಪೂರ್ತಿನಾ?”

“ಪೂರ್ತಿ.”

ಏಪ್ರಿಲ್ ೧೬, ಬುಧವಾರ

ಪತ್ರಿಕೆ ಬಂತು. ಇವತ್ತು ಅಕ್ಕ ಏನನ್ನೂ ಕತ್ತರಿಸಿಕೊಳ್ಳಲಿಲ್ಲ. ನಾನೇ ಪುಟ ತೆಗೆದುಕೊಂಡು ಹೋದೆ. ಮೆಷಿನ್ನು ಶುರುವಾದ ಮೇಲೆ ಸ್ಟೂಲಿನ ಮೇಲೆ ಕೂತು, ಐದು ಕುರ್ಚಿಗೂ ಕೇಳುವ ಹಾಗೆ ಆ ಕಾರ್ಡನ್ನು ಓದಿದೆ. ಎರಡನೆಯ ಕುರ್ಚಿಯ ಮುದುಕರು “ಇನ್ನೊಂದ್ಸಲ ಓದಿ,” ಎಂದರು. ಇನ್ನೊಂದು ಸಲ ಓದಿದೆ.

ನಾಲ್ಕನೆಯ ಕುರ್ಚಿಯ ಹೊಲಿಗೆಯಮ್ಮ ಮೊದಲ ಬಾರಿಗೆ ಕಣ್ಣು ಬಿಟ್ಟು ನನ್ನನ್ನು ನೋಡಿದರು. “ಅಯ್ಯೋ, ಯಾರ್ರೀ ಆ ಪಾಪಿ? ಕೈಯಾರೆ ಯಾರಾದ್ರೂ ಕೊಡ್ತಾರಾ?”

ಅಕ್ಕ ನನ್ನ ಬೆರಳು ಒತ್ತಿ ಹಿಡಿದಳು, ಸುಮ್ಮನಿರು ಎಂದು.

“ನಾನು,” ಎಂದೆ.

ಹೊಲಿಗೆಯಮ್ಮ ನನ್ನ ಮುಖವನ್ನು ಸರಿಯಾಗಿ ನೋಡಿದರು. ಆಮೇಲೆ ಹೊದಿಕೆ ಎಳೆದುಕೊಂಡು ಗೋಡೆಯ ಕಡೆ ತಿರುಗಿಕೊಂಡರು. ನರ್ಸಮ್ಮ ಮಾಡುತ್ತಿದ್ದ ಕೆಲಸ ಬಿಟ್ಟು ನಿಂತಿದ್ದರು. ಮೆಷಿನ್ನಿನ ಗಡಿಯಾರ ಇನ್ನೂ ಮೂರು ಗಂಟೆ ಇಪ್ಪತ್ತು ನಿಮಿಷ ಬಾಕಿ ತೋರಿಸುತ್ತಿತ್ತು. ಅಕ್ಕನ ಕೈ ತಣ್ಣಗಿತ್ತು, ಉಜ್ಜುತ್ತಾ ಕೂತೆ.